ನೋಟ, ಸ್ಪರ್ಶ, ಪ್ರಶ್ನೆ: ಮಿದುಳನ್ನು ಅರಿತ ದಾರಿ

ರೋಗಿಯನ್ನು ಪರೀಕ್ಷಿಸುವ ಬಗೆ ಮೂರು ಎಂದು ವಾಗ್ಭಟನ 'ಅಷ್ಟಾಂಗಹೃದಯ' ಹೇಳುತ್ತದೆ: ದರ್ಶನ, ಸ್ಪರ್ಶನ, ಪ್ರಶ್ನ. ಕಣ್ಣಿನಿಂದ ನೋಡುವುದು, ಕೈಯಿಂದ ಮುಟ್ಟುವುದು, ಬಾಯಿಬಿಟ್ಟು ಕೇಳುವುದು. ಕೇರಳದ ಅಷ್ಟವೈದ್ಯ ಮನೆತನಗಳು ತಲೆಮಾರುಗಳ ಕಾಲ ಈ ಗ್ರಂಥವನ್ನೇ ಆಧಾರವಾಗಿಟ್ಟುಕೊಂಡು ಚಿಕಿತ್ಸೆ ನಡೆಸಿದವು. ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುವುದೂ ಮೂಲತಃ ಈ ಮೂರೇ. ಆದರೆ ದೇಹದ ಅಂಗಗಳಲ್ಲಿ ಒಂದು ಮಾತ್ರ ಮೊದಲೆರಡು ಪರೀಕ್ಷೆಗಳಿಗೆ ಸಾವಿರಾರು ವರ್ಷ ಒಗ್ಗಲೇ ಇಲ್ಲ. ಅದು ಮಿದುಳು. ಹೊಟ್ಟೆಯನ್ನು ಒತ್ತಿ ನೋಡಬಹುದು, ನಾಡಿಯನ್ನು ಹಿಡಿದು ನೋಡಬಹುದು; ಮಿದುಳಿಗೆ ಬುರುಡೆಯೆಂಬ ಕಲ್ಲಿನ ಕೋಟೆ. ಆ ಕೋಟೆಯೊಳಕ್ಕೆ ಮೊದಲು ಕಣ್ಣು, ಆಮೇಲೆ ಕೈ ಹೇಗೆ ಹೋದವು ಎಂಬುದೇ ಈ ಬರಹದ ವಿಷಯ. ಈ ಚರಿತ್ರೆಯಲ್ಲಿ ದಕ್ಷಿಣದ ನಮ್ಮ ನಾಡುಗಳ ಪಾಲು ಸಣ್ಣದಲ್ಲ. ಹಾಗಾಗಿ ಅದನ್ನು ಇಲ್ಲಿ ಹೇಳುವುದು ಉಚಿತವೆಂದು ಭಾವಿಸಿದ್ದೇನೆ.

ನಾನು ತಾಳವಾಡಿ ಬೆಟ್ಟದ ಕನ್ನಡ ಶಾಲೆಗಳಲ್ಲಿ ಮೇಷ್ಟ್ರಾಗಿ ದುಡಿದವನು. ಕಾಸರಗೋಡಿನ ಓದುಗರಿಗೆ ನಮ್ಮ ಊರಿನ ಪರಿಚಯ ಎರಡು ಮಾತಿನಲ್ಲಿ ಹೇಳಬೇಕು. 1956ರ ನವೆಂಬರ್ 1ರಂದು ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ನಮ್ಮ ನೆರೆಯ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಮಾತ್ರ ಮದರಾಸು ರಾಜ್ಯದಲ್ಲೇ ಉಳಿಯಿತು. ಈಗ ಅದು ಈರೋಡು ಜಿಲ್ಲೆ. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ಇಲ್ಲಿಯೇ. ಕೆಳಗಿನ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವು. ಈ ಕಡೆ ಚಾಮರಾಜನಗರ ಹತ್ತಿರ. ಕಾಯಿಲೆ ಸಣ್ಣದಾದರೆ ಎತ್ತ ಬೇಕಾದರೂ ಹೋಗುತ್ತೇವೆ. ಮಿದುಳಿನ ಕಾಯಿಲೆ ಎಂದರೆ ಒಂದೋ ಬೆಂಗಳೂರಿನ ನಿಮ್ಹಾನ್ಸ್, ಇಲ್ಲವೇ ಕೊಯಮತ್ತೂರು, ವೆಲ್ಲೂರು. ಎರಡು ದಿಕ್ಕು, ಎರಡು ಭಾಷೆ. ಈ ಮಾತಿಗೆ ಮುಂದೆ ಬರುತ್ತೇನೆ.

ಮುಟ್ಟಿ ತಿಳಿಯುವ ವಿದ್ಯೆ ನಮ್ಮ ಜನಕ್ಕೆ ಹೊಸದಲ್ಲ. ಬೆಟ್ಟದ ಹೊಲಗಳಲ್ಲಿ ಬೆಳೆಯುವ ಎಲೆಕೋಸನ್ನು ವ್ಯಾಪಾರಿ ಹಿಸುಕಿ ನೋಡಿಯೇ ದರ ಹೇಳುತ್ತಾನೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಬೆರಳಿನ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಕಾಣದ ಬಿರುಕನ್ನು ಪತ್ತೆಮಾಡುತ್ತಾಳೆ. ಹಬ್ಬದಲ್ಲಿ ತಮಟೆಯವರು ತಮಟೆಯನ್ನು ಬೆಂಕಿಗೆ ಹಿಡಿಯುವುದು ಚರ್ಮ ಬಿಗಿಯಾಗಲೆಂದು. ಬಿಗಿಯಾದಷ್ಟೂ ನಾದ ಏರುತ್ತದೆ. ವಸ್ತುವಿನ ಬಿಗಿ ಅದರ ಕಂಪನದಲ್ಲಿ ಬಯಲಾಗುತ್ತದೆ ಎಂಬ ಈ ತಿಳಿವಳಿಕೆಯನ್ನು ಮರೆಯದಿರೋಣ. ಮಿದುಳಿನ ಸ್ಪರ್ಶದ ಕೀಲಿಕೈ ಇದರಲ್ಲೇ ಇದೆ.

ವೈದ್ಯರಲ್ಲಿಯೂ ಈ ವಿದ್ಯೆ ಹಳೆಯದೇ. 1761ರಲ್ಲಿ ಲಿಯೋಪೋಲ್ಡ್ ಔಯೆನ್‌ಬ್ರುಗ್ಗರ್ ಎಂಬ ಆಸ್ಟ್ರಿಯಾದ ವೈದ್ಯ, ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗೆ ನೀರು ತುಂಬಿದೆಯೇ ಎಂದು ತಿಳಿಯುವ ಕ್ರಮವನ್ನು ಪ್ರಕಟಿಸಿದ. ಆತನ ತಂದೆ ಛತ್ರ ನಡೆಸುತ್ತಿದ್ದವನು. ಮದ್ಯದ ಪೀಪಾಯಿಗಳನ್ನು ತಟ್ಟಿ ಎಷ್ಟು ಉಳಿದಿದೆ ಎಂದು ನೋಡುವುದನ್ನು ಮಗ ಕಂಡು ಕಲಿತನೆಂಬ ಮಾತಿದೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತೊಸ್ಕೋಪು ಕಂಡುಹಿಡಿದ. ಎದೆ, ಹೊಟ್ಟೆಗಳ ಗುಟ್ಟು ಹೀಗೆ ಕೈಗೂ ಕಿವಿಗೂ ಸಿಕ್ಕಿತು. ಮಿದುಳಿಗೆ ಮಾತ್ರ 'ಪ್ರಶ್ನ'ವೊಂದೇ ಗತಿಯಾಗಿತ್ತು. ನಡೆಯಲು ಹೇಳುವುದು, ಮಾತಾಡಿಸುವುದು, ಕೈ ಎತ್ತಿಸುವುದು; ಉಳಿದದ್ದು ಊಹೆ.

1895ರಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದಾಗ ಕಣ್ಣಿಗೆ ಬಾಗಿಲು ತೆರೆಯಿತೆಂದು ಎಲ್ಲರೂ ಹಿಗ್ಗಿದರು. ಆದರೆ ಎಕ್ಸ್-ರೇಯಲ್ಲಿ ಕಂಡದ್ದು ಬುರುಡೆಯ ಮೂಳೆ ಮಾತ್ರ. ಒಳಗಿನ ಮೆತ್ತನೆಯ ಮಿದುಳು ಕಾಣಲಿಲ್ಲ. 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ, ಮಿದುಳಿನ ನಡುವಿನ ನೀರಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆದ. ಗಾಳಿಯ ನೆರಳು ಎತ್ತ ವಾಲಿದೆ ಎಂದು ನೋಡಿ ಗೆಡ್ಡೆ ಎಲ್ಲಿದೆ ಎಂದು ಅಂದಾಜಿಸುತ್ತಿದ್ದರು. ರೋಗಿಗೆ ಅದು ತಲೆ ಸಿಡಿಯುವ ನೋವು, ವಾಂತಿ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ರಕ್ತನಾಳಕ್ಕೆ ಔಷಧ ಹಾಯಿಸಿ ನಾಳಗಳ ಚಿತ್ರ ತೆಗೆದ. ಅರ್ಧ ಶತಮಾನದ ಕಾಲ ನರಶಸ್ತ್ರವೈದ್ಯರು ನೆಚ್ಚಿದ್ದು ಈ ನೆರಳುಗಳನ್ನೇ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ತಳಪಾಯ ಹಾಕಿದವರಲ್ಲಿ ಮಲಯಾಳಿಗಳು ಮುಂದಿದ್ದರೆಂಬುದು ಈ ವಾರ್ಷಿಕದ ಓದುಗರಿಗೆ ಸಂತೋಷ ತರುವ ಸಂಗತಿ. ಕೋಟ್ಟಯಂನ ಜೇಕಬ್ ಚಾಂಡಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅವರ ಬಳಿ ಕಲಿತು ಬಂದು, 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಕಾಲದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರ ಡಿಸೆಂಬರಿನಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅದರ ಮೊದಲ ನಿರ್ದೇಶಕರು ಕೇರಳದ ಮಾವೇಲಿಕ್ಕರ ಮೂಲದ ಡಾ. ಆರ್. ಮಾರ್ತಾಂಡ ವರ್ಮ. ಕೈಕಾಲು ನಡುಗುವ ಪಾರ್ಕಿನ್ಸನ್ ರೋಗಕ್ಕೆ, ಬುರುಡೆಯನ್ನು ತೆರೆಯದೆ, ಅದರ ಬುಡದಲ್ಲಿರುವ ಸಹಜ ರಂಧ್ರದ ಮೂಲಕ ಸೂಜಿ ಹಾಯಿಸಿ ಮಿದುಳಿನ ಆಳ ಮುಟ್ಟುವ ವಿಧಾನದಿಂದ ಅವರು ಹೆಸರಾದರು. ಎಕ್ಸ್-ರೇ ನೆರಳನ್ನು ನೆಚ್ಚಿ, ಕಾಣದ ಗುರಿಗೆ ಸೂಜಿ ಒಯ್ಯುವ ಕೆಲಸವದು.

ಕಣ್ಣಿಗೆ ನಿಜವಾಗಿ ದಾರಿ ಸಿಕ್ಕಿದ್ದು 1971ರಲ್ಲಿ. ಆ ವರ್ಷದ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಲಾಯಿತು. ತಲೆಯ ಸುತ್ತ ಎಕ್ಸ್-ರೇಯನ್ನು ತಿರುಗಿಸಿ, ಸಿಕ್ಕ ನೂರಾರು ನೆರಳುಗಳನ್ನು ಗಣಿತದಿಂದ ಕೂಡಿಸಿ, ಮಿದುಳಿನ ಒಂದೊಂದು ಹೋಳನ್ನು ಚಿತ್ರವಾಗಿ ಬಿಡಿಸುವ ಉಪಾಯವದು, ಅದೇ ಸಿ.ಟಿ. ಸ್ಕ್ಯಾನ್. ಅದೇ 1971ರಲ್ಲಿ ನಮ್ಮವರೊಬ್ಬರು ಆ ಗಣಿತಕ್ಕೆ ಹೊಸ ದಾರಿ ತೋರಿಸಿದರು. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಜೊತೆಗೂಡಿ, ನೆರಳುಗಳಿಂದ ಚಿತ್ರವನ್ನು ಮರಳಿ ಕಟ್ಟುವ ಸರಳವೂ ಶೀಘ್ರವೂ ಆದ ಲೆಕ್ಕವನ್ನು ಪ್ರಕಟಿಸಿದರು. ಮುಂದೆ ಜಗತ್ತಿನ ಸ್ಕ್ಯಾನ್ ಯಂತ್ರಗಳಲ್ಲಿ ಈ ಬಗೆಯ ಲೆಕ್ಕ ವ್ಯಾಪಕವಾಗಿ ಬಳಕೆಗೆ ಬಂತು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಅದನ್ನು 'ರಾಮ್-ಲಕ್' ಎಂದು ಇಂದಿಗೂ ಕರೆಯುತ್ತಾರೆ. 1979ರ ನೊಬೆಲ್ ಬಹುಮಾನ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಸಂದಿತು. ಎರ್ನಾಕುಳಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿ ಬೆಳೆದ ರಾಮಚಂದ್ರನ್ ಅವರ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇನ್ನೂ ದೊಡ್ಡದಾಗಿ ಬರಬೇಕಾಗಿತ್ತು.

1973ರಲ್ಲಿ ಪಾಲ್ ಲಾಟರ್‌ಬರ್ ಎಕ್ಸ್-ರೇ ಇಲ್ಲದೆ, ಬಲವಾದ ಅಯಸ್ಕಾಂತದಿಂದಲೇ ಚಿತ್ರ ಪಡೆಯುವ ದಾರಿ ತೋರಿಸಿದರು. ದೇಹದ ನೀರಿನಲ್ಲಿರುವ ಜಲಜನಕದ ಪರಮಾಣುಗಳು ಅಯಸ್ಕಾಂತದೊಳಗೆ ರೇಡಿಯೊ ಅಲೆಗೆ ಓಗೊಡುತ್ತವೆ. ಆ ದನಿಯಿಂದ ಮೂಡುವ ಚಿತ್ರವೇ ಎಂ.ಆರ್.ಐ. ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಬೆಳೆಸಿದರು. ಇಬ್ಬರಿಗೂ 2003ರಲ್ಲಿ ನೊಬೆಲ್ ಬಂತು. ಮಿದುಳಿನ 'ದರ್ಶನ' ಇಲ್ಲಿಗೆ ಪೂರ್ಣವಾಯಿತೆನ್ನಬಹುದು.

ಆದರೆ ಕಂಡದ್ದೆಲ್ಲ ತಿಳಿದಂತಾಗಲಿಲ್ಲ. ಮೂರ್ಛೆರೋಗದಿಂದ ಬಳಲುವ ಅನೇಕರ ಸಿ.ಟಿ. ಚಿತ್ರದಲ್ಲಿ ಉಂಗುರದಂಥ ಒಂದು ಸಣ್ಣ ಕಲೆ ಕಾಣುತ್ತಿತ್ತು. ನಮ್ಮ ದೇಶದಲ್ಲಿ ಅದನ್ನು ಬಹುಕಾಲ ಕ್ಷಯದ ಗಂಟೆಂದೇ ತಿಳಿದು ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡುತ್ತಿದ್ದರು. ಅಂಥ ಕಲೆಗಳಲ್ಲಿ ಹೆಚ್ಚಿನವು ಲಾಡಿಹುಳುವಿನ ಮರಿಯ ಅವಶೇಷವೆಂದೂ, ಬಹಳಷ್ಟು ತಾವಾಗಿ ಕರಗುತ್ತವೆಂದೂ ವೆಲ್ಲೂರಿನ ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ತೋರಿಸಿದರು. ಎರಡನ್ನೂ ಬೇರ್ಪಡಿಸುವ ಸೂತ್ರವನ್ನು ಅವರು 1993ರಲ್ಲಿ ಪ್ರಕಟಿಸಿದರು. ಕಲೆ 20 ಮಿಲಿಮೀಟರಿಗಿಂತ ಚಿಕ್ಕದೇ ಎಂಬುದು ಚಿತ್ರದಿಂದ ತಿಳಿಯುತ್ತದೆ. ತಲೆಯೊಳಗಿನ ಒತ್ತಡ ಏರಿದ ಲಕ್ಷಣವಿದೆಯೇ, ಕೈಕಾಲಿನ ಸೋಲು ದಿನೇ ದಿನೇ ಹೆಚ್ಚುತ್ತಿದೆಯೇ ಎಂಬುದು ರೋಗಿಯನ್ನು ಕೇಳಿ, ಪರೀಕ್ಷಿಸಿ ತಿಳಿಯಬೇಕಾದದ್ದು. ಚಿತ್ರದ ಜೊತೆಗೆ ಪ್ರಶ್ನೆ ಸೇರಿದಾಗಲೇ ಸತ್ಯ ಹೊರಬಿದ್ದಿತು.

ಶಸ್ತ್ರವೈದ್ಯನಿಗೆ ಇನ್ನೊಂದು ಕೊರತೆಯೂ ಇತ್ತು. ಚಿತ್ರ ಗೆಡ್ಡೆಯ ಆಕಾರ ಹೇಳುತ್ತದೆ. ಅದು ಗಿಣ್ಣಿನಂತೆ ಮೆತ್ತಗಿದೆಯೋ ಹುಣಸೆ ಬೀಜದಂತೆ ಗಟ್ಟಿಯಾಗಿದೆಯೋ ಎಂದು ಖಚಿತವಾಗಿ ಹೇಳುವುದಿಲ್ಲ. ಮೆತ್ತನೆಯ ಗೆಡ್ಡೆಯನ್ನು ಹೀರಿ ತೆಗೆಯಬಹುದು; ಗಟ್ಟಿಯಾದದ್ದನ್ನು ನರಗಳ ನಡುವಿನಿಂದ ಚೂರುಚೂರಾಗಿ ಕತ್ತರಿಸಬೇಕು. ಶಸ್ತ್ರಕ್ರಿಯೆಯ ಅವಧಿ, ಅಪಾಯ ಎರಡೂ ಬೇರೆಯಾಗುತ್ತವೆ. ಅದು ಗೊತ್ತಾಗುತ್ತಿದ್ದುದು ಬುರುಡೆ ತೆರೆದು ಬೆರಳು ತಾಗಿದ ಮೇಲೆಯೇ.

ಹಾಗಾದರೆ ಸತ್ತವರ ಮಿದುಳನ್ನು ಮುಟ್ಟಿ ಕಲಿಯಬಾರದೇ ಎಂದು ಕೇಳಬಹುದು. ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ದಶಕಗಳ ಪರಿಶ್ರಮದಿಂದ ಬೆಳೆದ ಮಿದುಳು ಸಂಗ್ರಹಾಲಯವಿದೆ. 1995ರಲ್ಲಿ ಅಲ್ಲಿ ಸಂಶೋಧನೆಗೆಂದು ಮಿದುಳಿನ ಭಂಡಾರವೂ ಸ್ಥಾಪನೆಯಾಯಿತು. ನೋಡಲು ಹೋದವರಿಗೆ ಅಲ್ಲಿ ಮಿದುಳನ್ನು ಕೈಯಲ್ಲಿ ಹಿಡಿಯುವ ಅವಕಾಶವೂ ಉಂಟು. ಆದರೆ ಫಾರ್ಮಲಿನ್‌ನಲ್ಲಿ ನೆನೆದ ಮಿದುಳು ರಬ್ಬರಿನಂತೆ ಬಿಗಿದಿರುತ್ತದೆ. ಜೀವಂತ ಮಿದುಳಿನ ಮೃದುತ್ವ ಅದರಲ್ಲಿಲ್ಲ. ಉಸಿರು ನಿಂತು ರಕ್ತದ ಹರಿವು ನಿಂತೊಡನೆ ಆ ಹದ ಬದಲಾಗಿಬಿಡುತ್ತದೆ. ಜೀವಂತ ಮಿದುಳಿನ ಬಿಗಿಯನ್ನು ತಿಳಿಯಬೇಕಾದರೆ ಜೀವಂತವಾಗಿರುವಾಗಲೇ, ಬುರುಡೆ ತೆರೆಯದೆ ಮುಟ್ಟಬೇಕು.

ಇದಕ್ಕೆ ದಾರಿ ಸಿಕ್ಕಿದ್ದೂ ಅದೇ 1995ರಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್‌ನ ರಿಚರ್ಡ್ ಎಹ್‌ಮನ್ ಅವರ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿತು. ಅದರ ಮೊದಲ ಲೇಖಕರ ಹೆಸರು ರಾಜಾ ಮುತ್ತುಪಿಳ್ಳೈ. ವಿಧಾನಕ್ಕೆ 'ಮ್ಯಾಗ್ನೆಟಿಕ್ ರೆಸೊನೆನ್ಸ್ ಎಲಾಸ್ಟೊಗ್ರಫಿ' ಎಂದು ಹೆಸರು. ಕನ್ನಡದಲ್ಲಿ ಬಿಗಿಚಿತ್ರಣ ಎನ್ನೋಣ. ಅದರ ಮರ್ಮ ನಮ್ಮ ತಮಟೆಯದೇ. ರಾಮನ್ ಅವರು 1920ರಲ್ಲಿ ಮೃದಂಗ, ತಬಲಗಳ ನಾದವನ್ನು ಕುರಿತು ಬರೆದು, ನಡುವಣ ಕರಿಯ ಕರಣೆಯ ಭಾರದಿಂದ ಚರ್ಮದ ಕಂಪನ ಹೇಗೆ ಶ್ರುತಿಬದ್ಧವಾಗುತ್ತದೆಂದು ವಿವರಿಸಿದ್ದರು. ನಾದ ಕೇಳಿ ಚರ್ಮದ ಸ್ಥಿತಿ ತಿಳಿಯಬಹುದಾದರೆ, ಕಂಪನ ನೋಡಿ ಮಿದುಳಿನ ಸ್ಥಿತಿ ಏಕೆ ತಿಳಿಯಬಾರದು?

ಕ್ರಮ ಹೀಗೆ. ಎಂ.ಆರ್.ಐ. ಯಂತ್ರದಲ್ಲಿ ಮಲಗಿದವರ ತಲೆಯ ಕೆಳಗೆ ಒಂದು ಮೆತ್ತನೆಯ ದಿಂಬು. ಕೊಳವೆಯಲ್ಲಿ ಬರುವ ಗಾಳಿಯಿಂದ ಅದು ಸೆಕೆಂಡಿಗೆ ಸುಮಾರು 60 ಬಾರಿ ಮೆಲ್ಲಗೆ ಅದುರುತ್ತದೆ. ಆ ಅದುರು ಬುರುಡೆಯನ್ನು ದಾಟಿ ಮಿದುಳಿನೊಳಗೆ ಕೆರೆಯ ನೀರಿನ ತೆರೆಯಂತೆ ಹರಡುತ್ತದೆ. ಮಿದುಳು ಅಲುಗುವುದು ಮಿಲಿಮೀಟರಿನ ಒಂದು ಸಣ್ಣ ಅಂಶದಷ್ಟು ಮಾತ್ರ. ಆದರೆ ಅಯಸ್ಕಾಂತವನ್ನು ಆ ಅದುರಿನ ತಾಳಕ್ಕೆ ಸರಿಯಾಗಿ ಹೊಂದಿಸಿದರೆ ಚಿತ್ರದಲ್ಲಿ ಆ ತೆರೆಗಳೇ ಮೂಡುತ್ತವೆ. ಗಟ್ಟಿ ಜಾಗದಲ್ಲಿ ತೆರೆ ವೇಗವಾಗಿ ಓಡಿ ಉದ್ದವಾಗುತ್ತದೆ. ಮೆತ್ತನೆಯ ಜಾಗದಲ್ಲಿ ನಿಧಾನವಾಗಿ ಸಾಗಿ ಗಿಡ್ಡವಾಗುತ್ತದೆ. ಮಿದುಳಿನಲ್ಲಿ ಅದರ ವೇಗ ಸೆಕೆಂಡಿಗೆ ಒಂದೆರಡು ಮೀಟರ್, ಮನುಷ್ಯನ ನಡಿಗೆಯಷ್ಟು. ತೆರೆಯ ಉದ್ದ ಅಳೆದು ಕಂಪ್ಯೂಟರು ಪ್ರತಿ ಜಾಗದ ಬಿಗಿಯನ್ನು ಕಿಲೋಪ್ಯಾಸ್ಕಲ್ ಎಂಬ ಮಾನದಲ್ಲಿ ಹೇಳುತ್ತದೆ. ಆರೋಗ್ಯವಂತ ಮಿದುಳಿನಲ್ಲಿ ಅದು ಸರಿಸುಮಾರು 2ರಿಂದ 3. ಸೂಜಿಯಿಲ್ಲ, ಕತ್ತಿಯಿಲ್ಲ, ನೋವಿಲ್ಲ. ವಾಗ್ಭಟನ 'ಸ್ಪರ್ಶನ' ಕೊನೆಗೂ ಬುರುಡೆಯ ಒಳಕ್ಕೆ ಇಳಿಯಿತು.

ಮೊದಲ ಫಲ ಸಿಕ್ಕಿದ್ದು ಯಕೃತ್ತಿನ ರೋಗಿಗಳಿಗೆ. ಯಕೃತ್ತು ಗಡುಸಾಗುವ ಸಿರೋಸಿಸ್ ರೋಗವನ್ನು ಸೂಜಿ ಚುಚ್ಚಿ ಚೂರು ತೆಗೆಯದೆಯೇ ಇದರಿಂದ ಅಳೆಯಬಹುದು. 2009ರಲ್ಲಿ ಅಮೆರಿಕ ಸರ್ಕಾರದ ಅನುಮತಿಯೂ ದೊರೆಯಿತು. ಮಿದುಳಿನಲ್ಲಿ ಕಂಡದ್ದು ಇನ್ನೂ ಕುತೂಹಲಕರ. ವಯಸ್ಸಾದಂತೆ ಮಿದುಳು ಮೆತ್ತಗಾಗುತ್ತದೆ ಎಂದು ಬರ್ಲಿನ್ನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಮರೆವಿನ ಆಲ್‌ಝೈಮರ್ ರೋಗದಲ್ಲಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಹೆಚ್ಚು ಮೆತ್ತಗಾಗುತ್ತದೆ ಎಂದು 2011ರಲ್ಲಿ ಮೇಯೊ ತಂಡ ತಿಳಿಸಿತು. ಗೆಡ್ಡೆ ಮೆತ್ತಗೋ ಗಟ್ಟಿಯೋ, ಸುತ್ತಲಿನ ಮಿದುಳಿಗೆ ಅಂಟಿದೆಯೋ ಜಾರುವಂತಿದೆಯೋ ಎಂಬುದನ್ನು ಶಸ್ತ್ರಕ್ರಿಯೆಗೆ ಮೊದಲೇ ಊಹಿಸುವ ಪ್ರಯತ್ನಗಳೂ ನಡೆದಿವೆ. ಹಾಗೆಂದು ಆಸೆ ಹುಟ್ಟಿಸುವುದು ತಪ್ಪಾದೀತು. ಯಕೃತ್ತಿನ ಪರೀಕ್ಷೆ ಬಳಕೆಗೆ ಬಂದಿದ್ದರೂ ಮಿದುಳಿನ ಮಟ್ಟಿಗೆ ಇದು ಇಂದಿಗೂ ಬಹುಪಾಲು ಸಂಶೋಧನೆಯ ಹಂತದಲ್ಲಿದೆ. ಮಿದುಳು ಮೆತ್ತಗಾಗಲು ಕಾರಣ ಹಲವು. ಅಂಕಿಯೊಂದನ್ನು ನೋಡಿ ಇಂಥದೇ ರೋಗವೆಂದು ಹೇಳಲಾಗದು.

ಅಲ್ಲಿಗೆ ಮೂರನೆಯದಕ್ಕೆ, 'ಪ್ರಶ್ನ'ಕ್ಕೆ ಮರಳಿ ಬರುತ್ತೇವೆ. ನನ್ನ ದೊಡ್ಡಪ್ಪನವರಿಗೆ ಎಂಬತ್ತು ಸಮೀಪಿಸಿದಾಗ ಮರೆವು ಶುರುವಾಯಿತು. ಘಾಟಿ ಇಳಿದು ಒಂದು ಆಸ್ಪತ್ರೆಗೆ ಕರೆದೊಯ್ದೆವು. ಸಂಕ್ರಾಂತಿ ಕಳೆದ ವಾರ. ಯುವ ವೈದ್ಯರು ಮೃದುವಾಗಿ ತಮಿಳಿನಲ್ಲಿ ಕೇಳಿದರು: "ತಾತಾ, ಇದು ಯಾವ ತಿಂಗಳು?" ದೊಡ್ಡಪ್ಪ "ಪುಷ್ಯ" ಎಂದರು. ಇವತ್ತು ಯಾವ ವಾರ ಎಂದರೆ "ಮಂಗಳವಾರ" ಎಂದರು. ವೈದ್ಯರು 'ತೈ' ಎಂಬ ಉತ್ತರವನ್ನೋ 'ಜನವರಿ' ಎಂಬುದನ್ನೋ, 'ಸೆವ್ವಾಯ್' ಎಂಬುದನ್ನೋ ಕಾಯುತ್ತಿದ್ದರು. ಎರಡು ಉತ್ತರವೂ ಸರಿ. ಕಾಗದದಲ್ಲಿ ಎರಡಕ್ಕೂ ಸೊನ್ನೆ ಬಿತ್ತು. ನಾನು ಅನುವಾದಿಸಿ ಹೇಳಿದ ಮೇಲೆ ಆ ಸೊನ್ನೆ ತಿದ್ದಲ್ಪಟ್ಟಿತು. ಜೊತೆಗೆ ಯಾರೂ ಇಲ್ಲದಿದ್ದರೆ? ಮರೆವೇ ಇಲ್ಲದ ಜಾಗದಲ್ಲಿ ಮರೆವು ದಾಖಲಾಗುತ್ತಿತ್ತು. "ನಾ ಏನೋ ಸರಿಯಾಗೇ ಹೇಳ್ದೆ ಕಣಪ್ಪಾ" ಎಂದು ದೊಡ್ಡಪ್ಪ ಬಸ್ಸಿನಲ್ಲಿ ಮತ್ತೆ ಮತ್ತೆ ಹೇಳಿದರು.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ನೆನಪಿನ ಪರೀಕ್ಷೆಯೊಂದನ್ನು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಪಿ.ಎಸ್. ಮಥುರಾನಾಥ್ ಮತ್ತು ಸಂಗಡಿಗರು ಮಲಯಾಳಂ ಮಾತಾಡುವವರಿಗೆ ಹೊಂದಿಸಿ 2004ರಲ್ಲಿ ಪ್ರಕಟಿಸಿದರು. ಬರಿಯ ಅನುವಾದ ಸಾಲದು, ಓದು ಕಡಿಮೆ ಇರುವವರಿಗೂ ಒಗ್ಗುವಂತಿರಬೇಕು, ನಾಡಿನ ಬದುಕಿಗೆ ಹೊಂದಬೇಕು ಎಂಬುದು ಆ ಕೆಲಸದ ಸಾರ. ಅದೇ ವೈದ್ಯರು ಮುಂದೆ ನಿಮ್ಹಾನ್ಸ್ ಸೇರಿದರು. ಆ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷಾ ಸಂಪುಟ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಎಂಬ ಐದು ಭಾಷೆಗಳಲ್ಲಿ ರೂಪುಗೊಂಡಿತು. ಕನ್ನಡದಲ್ಲಿ ಪರೀಕ್ಷೆ ಉಂಟು ಎಂದಾಯಿತು. ಆದರೆ ಗಡಿಯ ಈಚೆಗಿನ ಆಸ್ಪತ್ರೆಯಲ್ಲಿ ಕುಳಿತ ಕನ್ನಡದ ಮುದುಕನ ಮುಂದೆ ಅದನ್ನು ಇಡುವವರು ಯಾರು? ತಾಳವಾಡಿಯಲ್ಲೂ ಕಾಸರಗೋಡಿನಲ್ಲೂ ಪ್ರಶ್ನೆ ಒಂದೇ.

ಯಂತ್ರಕ್ಕೆ ಭಾಷೆ ಬೇಕಿಲ್ಲ. ಅದುರುವ ದಿಂಬಿಗೆ ಕನ್ನಡಿಗನ ತಲೆ, ತಮಿಳನ ತಲೆ, ಮಲಯಾಳಿಯ ತಲೆ ಒಂದೇ. ಆದರೆ ಯಾರನ್ನು ಆ ಯಂತ್ರದಲ್ಲಿ ಮಲಗಿಸಬೇಕು, ಬಂದ ಅಂಕಿಗೆ ಯಾವ ಅರ್ಥ ಕೊಡಬೇಕು ಎಂಬುದನ್ನು ತೀರ್ಮಾನಿಸುವುದು ರೋಗಿಯ ಮಾತು. 'ತಲೆ ದಿಮ್ ಅನ್ನುತ್ತದೆ', 'ಕೈ ಜೋಮು ಹಿಡಿದಿದೆ', 'ಮಂಕು ಕವಿದಂತಾಗುತ್ತದೆ', 'ಕಣ್ಣು ಕತ್ತಲಿಟ್ಟಿತು': ಈ ನಾಲ್ಕು ಮಾತುಗಳ ಹಿಂದೆ ನಾಲ್ಕು ಬೇರೆ ಬೇರೆ ತೊಂದರೆಗಳಿರಬಹುದು. ಎಲ್ಲವನ್ನೂ 'ತಲೆಸುತ್ತು' ಎಂಬ ಒಂದೇ ಪದಕ್ಕೆ ಇಳಿಸಿ ಬೇರೆ ಭಾಷೆಯಲ್ಲಿ ಹೇಳಿದರೆ ವೈದ್ಯನಿಗೆ ಸಿಗಬೇಕಾದ ಮುಕ್ಕಾಲು ಸುಳಿವು ದಾರಿಯಲ್ಲೇ ಉದುರಿಹೋಗುತ್ತದೆ.

ಆದುದರಿಂದ ಗಡಿನಾಡಿನ ಕುಟುಂಬಗಳಲ್ಲಿ ನನ್ನ ಕೋರಿಕೆ ಸರಳವಾದದ್ದು. ಮನೆಯ ಹಿರಿಯರಿಗೆ ಮರೆವೋ ನಡುಕವೋ ಮೂರ್ಛೆಯೋ ಕಾಣಿಸಿದರೆ, ಅವರು ಅದನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಅದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ. ಎಂದು ಶುರುವಾಯಿತು, ಎಷ್ಟು ಹೊತ್ತು ಇರುತ್ತದೆ ಎಂಬುದನ್ನೂ ಸೇರಿಸಿ. ಪಕ್ಕದಲ್ಲಿ ಅದರ ಅರ್ಥವನ್ನು ಆಸ್ಪತ್ರೆಯ ಭಾಷೆಯಲ್ಲಿ, ತಮಿಳೋ ಮಲಯಾಳವೋ, ಬರೆಯಿಸಿಕೊಳ್ಳಿ. ನಮ್ಮ ಮಕ್ಕಳು ಎರಡು ಭಾಷೆಯಲ್ಲೂ ಓದಿದವರು. ಅವರಿಗೆ ಇದು ಅರ್ಧ ಗಂಟೆಯ ಕೆಲಸ. ಎರಡು ಭಾಷೆಗಳನ್ನು ಎದುರುಬದುರಾಗಿ ಅಚ್ಚಿಡುವ ಈ ವಾರ್ಷಿಕವೂ ಅಂಥ ಪದಗಳ ಪಟ್ಟಿಯೊಂದನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುವುದಾದರೆ, ತಾಳವಾಡಿಯ ಮಾತುಗಳನ್ನು ಕೂಡಿಸಿ ಕಳುಹಿಸುವ ಹೊಣೆ ನನ್ನದು.